ಮನೆಯೊಳಗೊಂದು ಪುಸ್ತಕದ ಕೋಣೆ

ದೇವರಿಗೊಂದು ಕೋಣೆ, ಅಡಿಗೆಗೊಂದು ಕೋಣೆ, ಧಾನ್ಯಕ್ಕೊಂದು ಕಣಜ, ದನಕರುಗಳಿಗೊಂದು ಕೊಟ್ಟಿಗೆ - ನಮ್ಮ ಹಿರಿಯರು ಮನೆ ಕಟ್ಟಲು ಹೊರಟಾಗ ತಪ್ಪದೆ ನೆನೆಯುತ್ತಿದ್ದ ಸ್ಥಳಗಳು ಇವು. ಪುಸ್ತಕಕ್ಕೊಂದು ಕೋಣೆ ಎಂಬುದು ಆ ಎಣಿಕೆಯಲ್ಲಿ ಇರಲಿಲ್ಲ. ಇದನ್ನು ವಿದ್ಯೆಯ ವಿಷಯದಲ್ಲಿ ಅವರಿಗಿದ್ದ ಅನಾದರವೆಂದು ತಿಳಿಯಬೇಕಾಗಿಲ್ಲ. ತಾಳೆಯೋಲೆಯ ಕಟ್ಟುಗಳಿದ್ದ ಮನೆಗಳಲ್ಲಿ ಅವುಗಳನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲೋ ನಾಗಂದಿಗೆಯ ಮೇಲೋ ಇಡುತ್ತಿದ್ದರು. ಒಲೆಯ ಹೊಗೆ ತಾಕುವ ಎಡೆಯಾದರೆ ಹುಳುವಿನ ಕಾಟ ಕಡಿಮೆಯೆಂಬುದನ್ನು ಅವರು ಅನುಭವದಿಂದ ಬಲ್ಲವರಾಗಿದ್ದರು. ನವರಾತ್ರಿ ಬಂದಾಗ ಆ ಕಟ್ಟುಗಳು ಕೆಳಗಿಳಿದು ಸರಸ್ವತಿಯ ಪೀಠದಲ್ಲಿ ಕುಳಿತು ಅರಿಸಿನ ಕುಂಕುಮಗಳನ್ನು ಪಡೆದು ಮತ್ತೆ ಅಟ್ಟ ಏರುತ್ತಿದ್ದುವು.

ಪುಸ್ತಕಗಳನ್ನು ಒಂದೆಡೆ ಕೂಡಿಸಿ, ಕಾದು, ಓದುವವರಿಗೆ ಒದಗಿಸುವ ಕೆಲಸ ಗೃಹಸ್ಥನದಾಗಿರಲಿಲ್ಲ. ಅದು ಮಠದ, ಬಸದಿಯ, ಘಟಿಕಾಸ್ಥಾನದ ಕೆಲಸವಾಗಿತ್ತು. ಇಂದಿನ ಕಲಬುರಗಿ ಜಿಲ್ಲೆಯ ನಾಗಾವಿಯಲ್ಲಿ 1058ರ ಒಂದು ಶಾಸನವಿದೆ. ಅಲ್ಲಿನ ವಿದ್ಯಾಸ್ಥಾನದಲ್ಲಿ ವೇದ ಶಾಸ್ತ್ರಗಳನ್ನು ಕಲಿಸುವ ಉಪಾಧ್ಯಾಯರ ಜೊತೆಯಲ್ಲಿಯೇ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಅದು ಹೆಸರಿಸುತ್ತದೆ. ಗ್ರಂಥಪಾಲಕ ಎಂದು ನಾವು ಈಚೆಗೆ ಮಾಡಿಕೊಂಡ ಮಾತಿಗಿಂತ ಈ ಹಳೆಯ ಹೆಸರು ಎಷ್ಟು ತುಂಬಿಕೊಂಡಿದೆ! ಮೂಡಬಿದಿರೆಯ ಸಿದ್ಧಾಂತ ಬಸದಿ ಧವಳ, ಜಯಧವಳಗಳ ಓಲೆಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿತು. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದನ್ನು ಕನ್ನಡ ಓದಿದವರೆಲ್ಲ ಬಲ್ಲರು. ಆಕೆ ಗ್ರಂಥಗಳನ್ನು ಕೂಡಿಡಲಿಲ್ಲ, ದಾನವಾಗಿ ಕೊಟ್ಟುಬಿಟ್ಟಳು ಎಂಬುದನ್ನು ಮಾತ್ರ ಇಲ್ಲಿ ನೆನಪಿನಲ್ಲಿ ಇಟ್ಟುಕೊಳ್ಳೋಣ. ಮುಂದೆ ಅದರ ಅಗತ್ಯ ಬೀಳುತ್ತದೆ.

ಸಾಮಾನ್ಯ ಗೃಹಸ್ಥನೊಬ್ಬನ ಮನೆಯಲ್ಲಿ ಪುಸ್ತಕಕ್ಕಾಗಿಯೇ ಒಂದು ಕೋಣೆ ಎಂಬುದು ಅಚ್ಚಿನ ಯಂತ್ರ ಬಂದ ಮೇಲೆ ಹುಟ್ಟಿದ ಬಯಕೆ. ಈಗ ಅದು ಎಷ್ಟೋ ಮನೆಗಳಲ್ಲಿ ಕೈಗೆಟುಕುವ ಬಯಕೆಯೂ ಆಗಿದೆ. ಮಕ್ಕಳು ಓದು ಮುಗಿಸಿ ದೂರದ ಊರುಗಳಲ್ಲಿ ನೆಲಸುತ್ತಾರೆ. ಅವರಿದ್ದ ಕೋಣೆಯಲ್ಲಿ ಕೈಮುರಿದ ಕುರ್ಚಿ, ಹಳೆಯ ಟ್ರಂಕು, ಯಾರೂ ಬಿಚ್ಚದ ಹಾಸಿಗೆಯ ಸುರುಳಿ ಬಂದು ಸೇರುತ್ತವೆ. ಇತ್ತ ಪುಸ್ತಕಗಳು ನಡುಮನೆಯ ಕಿಟಕಿಯಲ್ಲಿ, ಮಂಚದ ಕೆಳಗೆ, ಬೀರುವಿನ ತಲೆಯ ಮೇಲೆ ಚೆಲ್ಲಾಡುತ್ತಿರುತ್ತವೆ. ಇವೆರಡನ್ನೂ ಕೂಡಿಸಿದರೆ ಒಂದು ಗ್ರಂಥಭಂಡಾರವಾಗದೆ? ನಿವೃತ್ತರಾದ ನನ್ನ ವಯಸ್ಸಿನ ಹಲವರು ಈ ಪ್ರಶ್ನೆಯನ್ನು ನನ್ನಲ್ಲಿ ಕೇಳಿದ್ದಾರೆ. ನಾನೂ ಕೇಳಿಕೊಂಡಿದ್ದೇನೆ. ಇದೇ ಪ್ರಶ್ನೆಯನ್ನು ಸುಮಾರು 450 ವರ್ಷಗಳ ಹಿಂದೆ ಕೇಳಿಕೊಂಡು, ಉತ್ತರವನ್ನು ತನ್ನ ಮನೆಯಲ್ಲಿಯೇ ಕಟ್ಟಿಕೊಂಡ ಒಬ್ಬನಿದ್ದಾನೆ. ಅವನ ಕೋಣೆಯನ್ನು ಮೊದಲು ನೋಡಿ, ಆಮೇಲೆ ನಮ್ಮ ಕಡೆಗೆ ಬರೋಣ.

ಆತ ಫ್ರಾನ್ಸಿನ ಮಿಶೆಲ್ ದ ಮಾಂಟೇನ್. ಹುಟ್ಟಿದ್ದು 1533ರ ಫೆಬ್ರವರಿ 28ರಂದು, ಬೋರ್ಡೋ ನಗರಕ್ಕೆ ಸೇರಿದ ಸೀಮೆಯ ಒಂದು ಹಳ್ಳಿಯ ಜಮೀನುದಾರರ ಮನೆಯಲ್ಲಿ. ಬೋರ್ಡೋ ನಗರದ ಉಚ್ಚ ನ್ಯಾಯಸಭೆಯಲ್ಲಿ ಅವನು ಸುಮಾರು ಹದಿಮೂರು ವರ್ಷ ಸದಸ್ಯನಾಗಿದ್ದ. ಅಲ್ಲಿಯೇ ಅವನಿಗೆ ಎತಿಯೆನ್ ದ ಲಾ ಬೊಯೆಸಿ ಎಂಬ ವಿದ್ವಾಂಸನ ಗೆಳೆತನವಾಯಿತು. ಆ ಗೆಳೆಯ 1563ರಲ್ಲಿ ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡ. ಸಾಯುವಾಗ ತನ್ನ ಪುಸ್ತಕಗಳನ್ನೆಲ್ಲ ಮಾಂಟೇನನಿಗೆ ಬಿಟ್ಟುಹೋದ. 1568ರಲ್ಲಿ ತಂದೆಯೂ ಹೋದರು; ಮನೆ ಜಮೀನುಗಳ ಭಾರ ಮಗನ ಮೇಲೆ ಬಿತ್ತು. 1570ರಲ್ಲಿ ಅವನು ತನ್ನ ಅಧಿಕಾರವನ್ನು ಬಿಟ್ಟುಕೊಟ್ಟು ಹಳ್ಳಿಗೆ ಬಂದ. ಮರುವರ್ಷ, ಮೂವತ್ತೆಂಟು ತುಂಬಿದ ದಿನದಂದು, ರಾಜಕಾರ್ಯಗಳಿಂದ ಬೇಸತ್ತು ಉಳಿದ ಆಯುಷ್ಯವನ್ನು ವಿದ್ಯೆಯ ಮಡಿಲಲ್ಲಿ ಕಳೆಯಲು ನಿಶ್ಚಯಿಸಿದುದನ್ನು ಲ್ಯಾಟಿನ್ ಭಾಷೆಯಲ್ಲಿ ಗೋಡೆಯ ಮೇಲೆ ಬರೆಯಿಸಿದ.

ಆ ಗೋಡೆ ಇದ್ದುದು ಅವನ ಮನೆಯ ಮೂಲೆಯ ಬುರುಜಿನಲ್ಲಿ. ಬುರುಜಿನ ತಳದಲ್ಲಿ ಸಣ್ಣ ಪ್ರಾರ್ಥನಾ ಮಂದಿರ. ಅದರ ಮೇಲೆ ಮಲಗುವ ಕೋಣೆ. ಅದಕ್ಕೂ ಮೇಲೆ ಪುಸ್ತಕದ ಕೋಣೆ. ಈ ಮೇಲಿನ ಕೋಣೆ ಹಿಂದೆ ಬಟ್ಟೆಬರೆ ಇಡುವ ದೊಡ್ಡ ಉಗ್ರಾಣವಾಗಿತ್ತು. ಇಡೀ ಮನೆಯಲ್ಲಿ ಯಾವ ಉಪಯೋಗಕ್ಕೂ ಬಾರದ ಜಾಗವೆಂದರೆ ಅದೇ ಎಂದು ಅವನೇ ಹೇಳಿಕೊಂಡಿದ್ದಾನೆ. ಲೋಕದ ಸಾಹಿತ್ಯಚರಿತ್ರೆಯಲ್ಲಿ ಅತ್ಯಂತ ಹೆಸರಾದ ಪುಸ್ತಕದ ಕೋಣೆಗಳಲ್ಲಿ ಒಂದು ಹೀಗೆ ಹಳೆಯ ಉಗ್ರಾಣವೊಂದರಿಂದ ಎದ್ದುಬಂದಿತು. ಹಳೆಯ ಸಾಮಾನು ತುಂಬಿದ ಕೋಣೆಯಿದ್ದವರು ಇದರಿಂದ ಧೈರ್ಯ ತಾಳಬಹುದು.

ಆ ಕೋಣೆಯ ವಿವರಗಳನ್ನು ಅವನು ಮನೆಯ ಯಜಮಾನನಿಗೆ ಸಹಜವಾದ ಅಭಿಮಾನದಿಂದ ಕೊಟ್ಟಿದ್ದಾನೆ. ಕೋಣೆ ದುಂಡಗಿದೆ, ಅಡ್ಡಳತೆ ಹದಿನಾರು ಹೆಜ್ಜೆ. ಮೇಜು ಕುರ್ಚಿಗಳಿಗೆ ಬೇಕಾದಷ್ಟು ಗೋಡೆ ಮಾತ್ರ ನೇರವಾಗಿದೆ. ಉಳಿದ ಗೋಡೆ ಬಾಗಿ ಸುತ್ತುವುದರಿಂದ, ಐದು ಸಾಲಿನ ಹಲಗೆಗಳ ಮೇಲೆ ಇಟ್ಟ ಪುಸ್ತಕಗಳೆಲ್ಲ ಕುಳಿತಲ್ಲಿಂದಲೇ ಒಂದು ನೋಟಕ್ಕೆ ಸಿಕ್ಕುತ್ತವೆ. ಕಿಟಕಿಗಳು ಮೂರು ಕಡೆಗೆ ತೆರೆದಿವೆ. ಅಲ್ಲಿಂದ ತೋಟ, ಅಂಗಳ, ಮನೆಯ ಆಗುಹೋಗು ಎಲ್ಲ ಕಾಣುತ್ತದೆ. ಪಕ್ಕದಲ್ಲಿ ಬೆಂಕಿ ಹಾಕಿಕೊಳ್ಳಬಹುದಾದ ಒಂದು ಚಿಕ್ಕ ಕೋಣೆ, ಚಳಿಗಾಲಕ್ಕೆ. ಪುಸ್ತಕಗಳು ಸುಮಾರು ಒಂದು ಸಾವಿರ. ಅಚ್ಚು ಬಂದು ನೂರಿಪ್ಪತ್ತು ವರ್ಷವಷ್ಟೇ ಆಗಿದ್ದ ಕಾಲದಲ್ಲಿ ಹಳ್ಳಿಯ ಮನೆಯೊಂದಕ್ಕೆ ಇದು ಸಣ್ಣ ಸಂಖ್ಯೆಯಲ್ಲ. ಮೇಲ್ಛಾವಣಿಯ ತೊಲೆಗಳ ಮೇಲೆ ಗ್ರೀಕ್ ಲ್ಯಾಟಿನ್ ವಾಕ್ಯಗಳನ್ನು ಬರೆಯಿಸಿದ್ದ. ಕೆಲವು ಕಡೆ ಹಳೆಯ ವಾಕ್ಯವನ್ನು ಅಳಿಸಿ ಹೊಸದನ್ನು ಬರೆಯಿಸಿದ ಗುರುತೂ ಇದೆ. ಮನುಷ್ಯ ತನ್ನ ಮತವನ್ನು ಬದಲಾಯಿಸಿಕೊಂಡರೆ ತೊಲೆಯೂ ಬದಲಾಗಬೇಕಷ್ಟೆ.

ನಿಂತಲ್ಲಿ ಕುಳಿತಲ್ಲಿ ಅವನ ಬುದ್ಧಿ ಓಡುತ್ತಿರಲಿಲ್ಲವಂತೆ. ಕಾಲು ನಡೆದಾಗ ಮಾತ್ರ ಅದೂ ನಡೆಯುತ್ತಿತ್ತಂತೆ. ಆದ್ದರಿಂದ ಕೋಣೆಗೆ ಸೇರಿದಂತೆ ಉದ್ದನೆಯ ಮೊಗಸಾಲೆಯೊಂದನ್ನು ಕಟ್ಟಿಸುವ ಆಸೆ ಅವನಿಗಿತ್ತು. ಖರ್ಚಿಗಿಂತ ಹೆಚ್ಚಾಗಿ ಕಟ್ಟಿಸುವ ರಗಳೆಗೆ ಹೆದರಿ ಬಿಟ್ಟನೆಂದು ಹೇಳುತ್ತಾನೆ. ಮನೆ ಕಟ್ಟಿಸಿದವರಿಗೆ ಈ ಮಾತಿನ ಸತ್ಯ ವಿವರಿಸಿ ಹೇಳಬೇಕಾಗಿಲ್ಲ. ಮೆಟ್ಟಿಲು ಹತ್ತಿ ಬರಬೇಕಾದ ಕೋಣೆಯಾದ್ದರಿಂದ ಜನ ಸುಮ್ಮಸುಮ್ಮನೆ ಬರುವುದಿಲ್ಲ ಎಂಬುದು ಅವನಿಗೆ ಇನ್ನೊಂದು ಸಂತೋಷ. ಹೆಂಡತಿ ಮಕ್ಕಳು ಊರವರು ಎಲ್ಲರಿಂದಲೂ ಬಿಡಿಸಿಕೊಂಡ ಈ ಒಂದು ಮೂಲೆಯಲ್ಲಾದರೂ ತನ್ನ ಅಧಿಕಾರ ಪೂರ್ತಿಯಾಗಿ ನಡೆಯಲಿ ಎಂಬುದು ಅವನ ಇಚ್ಛೆ.

ಹಾಗೆಂದು ಅವನು ಲೋಕವನ್ನು ತೊರೆದು ಕುಳಿತನೆಂದು ಭಾವಿಸುವಂತಿಲ್ಲ. ಅದು ಫ್ರಾನ್ಸಿನಲ್ಲಿ ಒಂದೇ ಧರ್ಮದ ಎರಡು ಪಂಥಗಳವರು ಮೂವತ್ತಾರು ವರ್ಷ, 1562ರಿಂದ 1598ರವರೆಗೆ, ಬಿಟ್ಟುಬಿಟ್ಟು ಕಾದಾಡಿದ ಕಾಲ. ಆ ಕೋಣೆಯಿಂದ ಎದ್ದು ಅವನು ಇಟಲಿಯವರೆಗೆ ಪ್ರಯಾಣ ಮಾಡಿದ; 1581ರಿಂದ 1585ರವರೆಗೆ ಬೋರ್ಡೋ ನಗರದ ಮೇಯರಾಗಿ ದುಡಿದ; ಮತ್ತೆ ಬಂದು ಅಲ್ಲಿಯೇ ಕುಳಿತ. ತನ್ನ ಬರಹಗಳಿಗೆ ಅವನು ಕೊಟ್ಟ ಹೆಸರಿಗೆ ಪ್ರಯತ್ನ, ಪರೀಕ್ಷೆ ಎಂದು ಅರ್ಥ. 1580ರಲ್ಲಿ ಎರಡು ಸಂಪುಟ, 1588ರಲ್ಲಿ ಮೂರನೆಯದು. ಇಂಗ್ಲಿಷಿನ ಎಸ್ಸೆ ಹುಟ್ಟಿದ್ದು ಅಲ್ಲಿಂದ. ಇಂಗ್ಲಿಷ್ ಓದಿನ ದಾರಿಯಲ್ಲಿ ಅದು ನಮ್ಮಲ್ಲಿಗೆ ಬಂದು ಲಲಿತ ಪ್ರಬಂಧವಾಯಿತು. ಎ. ಎನ್. ಮೂರ್ತಿರಾಯರ ‘ಹಗಲುಗನಸುಗಳು’ ಓದಿ ಸಂತೋಷಪಟ್ಟ ಕನ್ನಡಿಗನಿಗೂ ಆ ದೂರದ ಉಗ್ರಾಣದ ಕೋಣೆಗೂ ಹೀಗೊಂದು ನಂಟುಂಟು.

ಇನ್ನು ನಮ್ಮ ಕೋಣೆಯ ಮಾತು. ದುಂಡು ಬುರುಜು ನಮಗಿಲ್ಲ. ಹತ್ತಡಿ ಹನ್ನೆರಡಡಿಯ ಚೌಕದ ಕೋಣೆಯಿದ್ದರೆ ಅದೇ ಭಾಗ್ಯ. ಆದರೆ ಮಾಂಟೇನನ ಏರ್ಪಾಡಿನಲ್ಲಿ ನಮಗೂ ಸಲ್ಲುವ ಸೂತ್ರಗಳಿವೆ. ಮೊದಲನೆಯದು, ಪುಸ್ತಕಗಳು ಕಣ್ಣಿಗೆ ಕಾಣುವಂತಿರಬೇಕು. ಒಂದರ ಹಿಂದೆ ಒಂದಾಗಿ ಎರಡು ಸಾಲು ಜೋಡಿಸಿದರೆ ಹಿಂದಿನ ಸಾಲು ಅಟ್ಟ ಸೇರಿದಂತೆಯೇ. ಒಂಬತ್ತು ಹತ್ತು ಅಂಗುಲ ಅಗಲದ ಹಲಗೆ ಸಾಮಾನ್ಯ ಪುಸ್ತಕಕ್ಕೆ ಸಾಕು. ಅದಕ್ಕಿಂತ ಅಗಲವಾದರೆ ಎರಡನೆಯ ಸಾಲು ತಾನಾಗಿಯೇ ಹುಟ್ಟಿಕೊಳ್ಳುತ್ತದೆ. ಎರಡನೆಯದು, ಕಾಗದ ಮರದಷ್ಟೇ ಭಾರವೆಂಬುದನ್ನು ಮರೆಯಬಾರದು. ಮುಕ್ಕಾಲಂಗುಲದ ಹಲಗೆಯನ್ನು ಮೂರಡಿಗಿಂತ ಉದ್ದಕ್ಕೆ ಆಸರೆಯಿಲ್ಲದೆ ಬಿಟ್ಟರೆ ಕೆಲವು ವರ್ಷಗಳಲ್ಲಿ ಅದು ನಡುಬಗ್ಗುತ್ತದೆ. ನಡುವೆ ಒಂದು ನಿಲುವು ಹಲಗೆ ಕೊಟ್ಟರೆ ಆ ಚಿಂತೆಯಿಲ್ಲ. ನಿಘಂಟುಗಳೂ ಸಂಪುಟಗಳೂ ಕೆಳಗಿನ ಸಾಲಿನಲ್ಲಿರಬೇಕು. ದಿನವೂ ಬೇಕಾಗುವವು ಕಣ್ಣಿನ ಮಟ್ಟದಲ್ಲಿ.

ಮೂರನೆಯದು ಮಾಂಟೇನನಿಗೆ ಅಷ್ಟಾಗಿ ಬೇಕಾಗಿರಲಿಲ್ಲ, ನಮಗೆ ಬಹಳ ಬೇಕು. ನಮ್ಮ ಪುಸ್ತಕಗಳ ಶತ್ರುಗಳು ಮೂವರು: ತೇವ, ಗೆದ್ದಲು, ಬಿಸಿಲು. ಬಚ್ಚಲುಮನೆಗೆ ಹೊಂದಿದ ಗೋಡೆಗೆ ಹಲಗೆ ಹೊಡೆಯುವುದು ಬೇಡ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಕಪಾಟನ್ನು ಗೋಡೆಗೆ ಒತ್ತಿ ನಿಲ್ಲಿಸದೆ ಮೂರು ನಾಲ್ಕು ಬೆರಳಷ್ಟು ಅಂತರ ಬಿಟ್ಟರೆ ಗಾಳಿಯಾಡುತ್ತದೆ. ಗೆದ್ದಲು ಗೋಡೆಯಿಂದ ಮಣ್ಣಿನ ದಾರಿ ಕಟ್ಟಿಕೊಂಡು ಬಂದರೆ ಕಣ್ಣಿಗೂ ಬೀಳುತ್ತದೆ. ಕಿಟಕಿಯ ಎದುರಿನ ಗೋಡೆಯ ಮೇಲೆ ನೇರವಾಗಿ ಬಿಸಿಲು ಬಿದ್ದರೆ ಪುಸ್ತಕದ ಬೆನ್ನಿನ ಅಕ್ಷರ ಮಾಸುತ್ತದೆ. ಬೇವಿನ ಎಲೆ, ಬಜೆಯ ಬೇರು ಇವನ್ನು ಓಲೆಗರಿಯ ಕಾಲದಿಂದ ನಮ್ಮವರು ಬಳಸುತ್ತ ಬಂದಿದ್ದಾರೆ. ಇವತ್ತಿಗೂ ಅವು ಕೆಲಸಕ್ಕೆ ಬರುತ್ತವೆ. ಇವೆಲ್ಲಕ್ಕಿಂತ ಮಿಗಿಲಾದ ಔಷಧ, ಪುಸ್ತಕವನ್ನು ಆಗಾಗ ತೆಗೆದು ಬಿಡಿಸುವುದು. ಓದುವ ಕೈ ಆಡುತ್ತಿರುವ ಕಪಾಟಿನಲ್ಲಿ ಹುಳು ನೆಮ್ಮದಿಯಾಗಿ ಸಂಸಾರ ಹೂಡಲಾರದು.

ಒಬ್ಬ ಬಡಗಿಯನ್ನು ಕರೆದು ನಾಲ್ಕು ದಿನಗಳಲ್ಲಿ, ಇಲ್ಲವೆ ಕೈಯಲ್ಲಿ ಕಸುವಿದ್ದರೆ ತಾವೇ ನಾಲ್ಕು ವಾರಗಳಲ್ಲಿ, ಇಷ್ಟನ್ನೂ ಮಾಡಿಕೊಳ್ಳಬಹುದು. ಕಷ್ಟದ ಪ್ರಶ್ನೆ ಏಳುವುದು ಇದೆಲ್ಲ ಮುಗಿದ ಮೇಲೆ. ಆ ಪ್ರಶ್ನೆಗೆ ಮಾಂಟೇನನ ಕೋಣೆಯ ಮುಂದಿನ ಕಥೆಯನ್ನು ಕೇಳಬೇಕು.

ಅವನು 1592ರ ಸೆಪ್ಟೆಂಬರ್ 13ರಂದು ಕಾಲವಾದ. ಉಳಿದಿದ್ದ ಒಬ್ಬಳೇ ಮಗಳು ಲೆಯೊನೋರ್. ಪುಸ್ತಕಗಳು ಅವಳ ಮೂಲಕ ಓಶ್ ಎಂಬ ಊರಿನ ಒಬ್ಬ ಧರ್ಮಾಧಿಕಾರಿಯ ಕೈಸೇರಿದುವು. ಅಲ್ಲಿಂದ ಮುಂದೆ ದಿಕ್ಕುದಿಕ್ಕಿಗೆ ಚದರಿಹೋದುವು. ಒಂದು ಸಾವಿರದಲ್ಲಿ ಇಂದು ಗುರುತು ಸಿಕ್ಕಿರುವುದು ಸುಮಾರು 100. ಅಷ್ಟಾದರೂ ಸಿಕ್ಕಿರುವುದು ಅವನ ಎರಡು ಅಭ್ಯಾಸಗಳ ದೆಸೆಯಿಂದ: ಪುಸ್ತಕದ ಮೇಲೆ ರುಜು ಹಾಕುತ್ತಿದ್ದ, ತನಗೆ ಮರೆವು ಹೆಚ್ಚೆಂದು, ಓದಿ ಮುಗಿಸಿದ ದಿನವನ್ನೂ ತನ್ನ ಅಭಿಪ್ರಾಯವನ್ನೂ ಕೆಲವು ಪುಸ್ತಕಗಳ ಕೊನೆಯಲ್ಲಿ ಬರೆದಿಡುತ್ತಿದ್ದ. ರೋಮಿನ ಕವಿ ಲುಕ್ರೀಷಿಯಸ್ಸನ ಕೃತಿಯ ಅವನ ಸ್ವಂತ ಪ್ರತಿ, ಅಂಚಿನ ತುಂಬ ಅವನ ಟಿಪ್ಪಣಿಗಳಿರುವುದು, ನಾಲ್ಕು ಶತಮಾನಗಳ ಮೇಲೆ 1989ರಲ್ಲಿ ಗುರುತಿಗೆ ಸಿಕ್ಕಿತು. ಈಗ ಅದು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ. ಇನ್ನು ಮನೆಯೋ, 1885ರಲ್ಲಿ ಬೆಂಕಿ ಬಿದ್ದು ಹಾಳಾಯಿತು. ಬುರುಜು ಮಾತ್ರ ಉಳಿಯಿತು. ಇಂದು ಆ ಮೆಟ್ಟಿಲು ಹತ್ತಿ ಹೋದರೆ ತೊಲೆಗಳ ಮೇಲೆ ವಾಕ್ಯಗಳಿವೆ, ಮೂರು ಕಡೆಗೆ ಕಿಟಕಿಗಳಿವೆ, ಬಾಗಿದ ಗೋಡೆಯಿದೆ. ಐದು ಸಾಲಿನ ಆ ಪುಸ್ತಕಗಳಿಲ್ಲ. ಕೋಣೆ ಉಳಿಯಿತು, ಪುಸ್ತಕ ಹೋಯಿತು.

ಇದಕ್ಕೆ ನೇರ ಎದುರಾದ ಕಥೆ ನಮ್ಮ ಕರಾವಳಿಯಲ್ಲಿ ನಡೆಯಿತು. ಮಂಜೇಶ್ವರದ ಗೋವಿಂದ ಪೈಗಳು 1883ರಲ್ಲಿ ಹುಟ್ಟಿದವರು. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆ ತೀರಿಕೊಂಡದ್ದರಿಂದ ಪದವಿಯನ್ನು ಅರ್ಧಕ್ಕೆ ಬಿಟ್ಟು ಬಂದರು. ಆಮೇಲಿನ ಅವರ ವಿಶ್ವವಿದ್ಯಾಲಯವೆಂದರೆ ಮಂಜೇಶ್ವರದ ಅವರ ಮನೆಯೇ. ಅಲ್ಲಿ ಕುಳಿತು ಅವರು ಭಾಷೆಯ ಮೇಲೆ ಭಾಷೆ ಕಲಿತರು. ಶಾಸನಗಳ ಕಾಲನಿರ್ಣಯಕ್ಕೆ ತಲೆ ಕೊಟ್ಟರು. 1911ರಲ್ಲಿ ಕನ್ನಡ ಪದ್ಯದ ಆದಿಪ್ರಾಸವನ್ನು ಬಿಟ್ಟು ಬರೆದು ಹೊಸಗಾವ್ಯಕ್ಕೆ ದಾರಿ ತೆಗೆದರು. ಏಸುವಿನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಕಂಡರು. ದೊಡ್ಡ ನಗರವಲ್ಲ, ದೊಡ್ಡ ಗ್ರಂಥಾಲಯ ಹತ್ತಿರದಲ್ಲಿಲ್ಲ. ಬೇಕಾದ ಪುಸ್ತಕವನ್ನು ತರಿಸಿಕೊಂಡೇ ಓದಬೇಕು. ಹಾಗೆ ತರಿಸಿದ ಪುಸ್ತಕಗಳು ಸಾವಿರಾರು ಆದುವು. 1949ರಲ್ಲಿ ಮದರಾಸು ಸರ್ಕಾರ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿತು; 1951ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1963ರ ಸೆಪ್ಟೆಂಬರ್ 6ರಂದು ತೀರಿಕೊಂಡರು.

ಅಷ್ಟು ಹೊತ್ತಿಗೆ ಮಂಜೇಶ್ವರ ಕೇರಳಕ್ಕೆ ಸೇರಿ ಏಳು ವರ್ಷವಾಗಿತ್ತು. ಆ ಪುಸ್ತಕಗಳು ಅಲ್ಲಿಯೇ ಬೀಗದ ಹಿಂದೆ ಕುಳಿತು ಗೆದ್ದಲಿಗೆ ಆಹಾರವಾಗಿದ್ದರೆ ಆಶ್ಚರ್ಯಪಡಬೇಕಾಗಿರಲಿಲ್ಲ. ಹಾಗಾಗಲಿಲ್ಲ. ಅವು ಉಡುಪಿಯ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿಗೆ ಬಂದುವು. ಅವುಗಳನ್ನು ಬೀಜವಾಗಿ ಇಟ್ಟುಕೊಂಡು 1965ರಲ್ಲಿ ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರ ತಲೆಯೆತ್ತಿತು. ಆಗ ಕಾಲೇಜಿನಲ್ಲಿದ್ದ ಕು. ಶಿ. ಹರಿದಾಸ ಭಟ್ಟರು ಅದನ್ನು ಬೆಳೆಸಿದರು. ಆ ಕೇಂದ್ರದಿಂದಲೇ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ, 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ಹೊರಬಂದಿತು. ಒಬ್ಬ ಕವಿ ತನ್ನ ಓದಿಗೆಂದು ಕೂಡಿಸಿದ ಪುಸ್ತಕಗಳು ಒಂದು ಭಾಷೆಯ ಮಾತುಗಳನ್ನು ಕೂಡಿಸುವ ಕೆಲಸಕ್ಕೆ ನೆಲೆಯಾದುವು. ಮಂಜೇಶ್ವರದ ಮನೆಯೂ ಈಗ ಅವರ ಕವನಸಂಗ್ರಹವೊಂದರ ಹೆಸರಿನಲ್ಲಿ, ‘ಗಿಳಿವಿಂಡು’ ಎಂದು, ಸ್ಮಾರಕವಾಗಿ ನಿಂತಿದೆ. ಆದರೆ ಅವರ ಓದಿನ ಫಲ ಮುಂದಕ್ಕೆ ಹರಿದದ್ದು ಪುಸ್ತಕಗಳು ಆ ಮನೆಯನ್ನು ಬಿಟ್ಟು ಹೊರಟದ್ದರಿಂದ.

ಮೂರನೆಯದು ಇನ್ನೂ ಚಿಕ್ಕ ಕಥೆ. 1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾಚ್ಯ ಪುಸ್ತಕಾಲಯಕ್ಕೆ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಒಂದು ಓಲೆಯ ಕಟ್ಟನ್ನು ತಂದುಕೊಟ್ಟರು. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಬಿಡಿಸಿ ನೋಡಿದಾಗ, ಹೆಸರನ್ನು ಮಾತ್ರ ಕೇಳಿ ಬಲ್ಲ ಕೌಟಿಲ್ಯನ ಅರ್ಥಶಾಸ್ತ್ರ ಪೂರ್ತಿಯಾಗಿ ಅದರಲ್ಲಿತ್ತು. 1909ರಲ್ಲಿ ಅದು ಅಚ್ಚಾದಾಗ ಪ್ರಾಚೀನ ಭಾರತದ ರಾಜ್ಯವ್ಯವಸ್ಥೆಯ ಚರಿತ್ರೆಯನ್ನೇ ಹೊಸದಾಗಿ ಬರೆಯಬೇಕಾಯಿತು. ಶಾಮಶಾಸ್ತ್ರಿಗಳ ಹೆಸರನ್ನು ಲೋಕ ಬಲ್ಲುದು. ಕೊಟ್ಟ ಪಂಡಿತರು ಚರಿತ್ರೆಯಲ್ಲಿ ತಂಜಾವೂರು ಜಿಲ್ಲೆಯ ಒಬ್ಬ ಪಂಡಿತ ಎಂದಷ್ಟೇ ಉಳಿದಿದ್ದಾರೆ. ಅವರು ಹಾಗೆ ತಂದುಕೊಡದೆ ಹೋಗಿದ್ದರೆ ಆ ಕಟ್ಟಿಗೆ ಏನಾಗುತ್ತಿತ್ತು ಎಂಬುದನ್ನು, ಹಳೆಯ ಮನೆಗಳ ಅಟ್ಟ ಕಂಡವರು ಸುಲಭವಾಗಿ ಊಹಿಸಬಲ್ಲರು.

ಈ ಮೂರು ಕಥೆಗಳನ್ನು ಒಟ್ಟಿಗಿಟ್ಟು ನೋಡಿದರೆ ನನಗೆ ತೋರುವುದಿಷ್ಟು. ಮನೆಯ ಪುಸ್ತಕದ ಕೋಣೆ ಕಟ್ಟಿದವನ ಜೀವಮಾನಕ್ಕೆ ಮಾತ್ರ ಕೋಣೆ. ಅವನ ತರುವಾಯ ಮಕ್ಕಳು ಅದನ್ನು ಹಾಗೆಯೇ ಇಟ್ಟುಕೊಳ್ಳಬೇಕೆಂದು ಬಯಸುವುದು ನ್ಯಾಯವಲ್ಲ. ಅವರ ಬಾಳು ಬೇರೆ, ಅವರ ಓದು ಬೇರೆ. ಎಷ್ಟೋ ಮಂದಿಯ ಮಕ್ಕಳಿಗೆ ಕನ್ನಡ ಲಿಪಿಯೇ ಬಾರದು. ನನ್ನ ಸಹೋದ್ಯೋಗಿಗಳಾಗಿದ್ದ ಇಬ್ಬರು ವಿದ್ವಾಂಸರ ಪುಸ್ತಕಗಳು ಅವರು ಹೋದ ವರ್ಷದೊಳಗೆ ತೂಕದ ಲೆಕ್ಕದಲ್ಲಿ ಹಳೆಯ ಕಾಗದದವನ ಗಾಡಿ ಏರಿದುದನ್ನು ನಾನು ಬಲ್ಲೆ. ಮಕ್ಕಳು ಕೆಟ್ಟವರಾಗಿರಲಿಲ್ಲ, ಆ ಪುಸ್ತಕಗಳನ್ನು ಏನು ಮಾಡಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಇತ್ತ ಗ್ರಂಥಾಲಯಗಳಿಗೂ ಅವುಗಳದೇ ತೊಂದರೆಯುಂಟು: ಪಟ್ಟಿಯಿಲ್ಲದ, ಆಯ್ಕೆಯಿಲ್ಲದ ಮೂಟೆಗಳನ್ನು ಒಮ್ಮೆಲೇ ತಂದು ಇಳಿಸಿದರೆ ಇಡಲು ಜಾಗವಿಲ್ಲ, ನೋಡಲು ಜನವಿಲ್ಲ.

ಆದ್ದರಿಂದ ಕೋಣೆಯನ್ನು ಅಣಿಮಾಡುವವರು ಹಲಗೆಯ ಜೊತೆಯಲ್ಲಿಯೇ ಒಂದು ಗಟ್ಟಿ ರಟ್ಟಿನ ದಫ್ತರವನ್ನೂ ತರಬೇಕು. ಪುಸ್ತಕದ ಹೆಸರು, ಬರೆದವರು, ಅಚ್ಚಾದ ವರ್ಷ, ತನಗೆ ಬಂದ ಬಗೆ - ನಾಲ್ಕೇ ಅಂಕಣ ಸಾಕು. ದಿನಕ್ಕೆ ಹತ್ತು ಪುಸ್ತಕ ಬರೆದರೆ ಒಂದು ಸಾವಿರ ಪುಸ್ತಕಕ್ಕೆ ನೂರು ದಿನ. ಮಾಂಟೇನನ ಹಾಗೆ ಪುಸ್ತಕದ ಮೇಲೆ ಹೆಸರು, ಕೊನೆಯ ಹಾಳೆಯಲ್ಲಿ ಓದಿದ ದಿನ ಬರೆದಿಟ್ಟರೆ ಇನ್ನೂ ಮೇಲು. ಐದನೆಯ ಅಂಕಣವೊಂದನ್ನು ಖಾಲಿ ಬಿಟ್ಟಿರಿ. ಯಾವ ಪುಸ್ತಕ ಮುಂದೆ ಎಲ್ಲಿಗೆ ಎಂಬುದನ್ನು ಆಗಾಗ ತುಂಬುತ್ತ ಬರಬಹುದು: ವ್ಯಾಕರಣಗಳು ಆ ಕಾಲೇಜಿಗೆ, ಹಳೆಯ ಪತ್ರಿಕೆಗಳ ಸಂಪುಟಗಳು ಈ ಸಂಶೋಧಕರಿಗೆ, ಕಥೆ ಕಾದಂಬರಿಗಳು ಊರಿನ ವಾಚನಾಲಯಕ್ಕೆ. ಎರಡು ಪ್ರತಿಯಿದ್ದರೆ ಒಂದನ್ನು ಇಂದೇ ಕೊಡಬಹುದು. ಎದುರು ಮನೆಯ ವಿದ್ಯಾರ್ಥಿ ಬಂದು ಕೇಳಿದಾಗ, ಮೆಟ್ಟಿಲು ಹತ್ತಿ ಬರುವ ಶ್ರಮ ತೆಗೆದುಕೊಂಡವನಿಗೆ, ಕುಳಿತು ಓದಲು ಎರಡನೆಯದೊಂದು ಕುರ್ಚಿಯನ್ನು ಆ ಕೋಣೆಯಲ್ಲಿ ಇಡಬಹುದು.

ಹೀಗೆ ಮಾಡಿದರೆ ಏಕಾಂತ ಕೆಡುವುದೇ ಎಂದು ಕೆಲವರು ಕೇಳಬಹುದು. ದಿನದ ಕೆಲವು ಗಂಟೆ ಬಾಗಿಲು ಹಾಕಿಕೊಳ್ಳುವ ಹಕ್ಕು ಮಾಂಟೇನನಿಗಿದ್ದಂತೆ ನಮಗೂ ಉಂಟು. ಓದುವವನಿಗೆ ಅದು ಬೇಕು. ಉಳಿದ ಹೊತ್ತಿಗೆ ಅತ್ತಿಮಬ್ಬೆಯ ಧರ್ಮ ನಮ್ಮ ಮುಂದಿದೆ. ಆಕೆಯ ಒಂದು ಸಾವಿರ ಪ್ರತಿಗಳು ಯಾವ ಕೋಣೆಯಲ್ಲಿಯೂ ಕೂಡಿರಲಿಲ್ಲ. ಶಾಂತಿಪುರಾಣ ಮಾತ್ರ ಇಂದಿಗೂ ನಮಗೆ ಓದಲು ಸಿಕ್ಕುತ್ತದೆ.